ರೈಲು ಕೂಗಿದರೆ ಪೀರಿಯಡ್ ಮುಗಿಯಿತು

ಮನೆಯಲ್ಲೇ ಶಾಲೆ ನಡೆಸುವವರು ನಗುವುದಕ್ಕೆ ಬೇರೆ ಖರ್ಚು ಮಾಡಬೇಕಾಗಿಲ್ಲ. ದಿನ ಬೆಳಗಾದರೆ ಒಂದಲ್ಲ ಒಂದು ನಡೆದೇ ತೀರುತ್ತದೆ. ನಡೆಯುವಾಗ ಮೈಯೆಲ್ಲ ಉರಿಯುತ್ತದೆ. ವಾರ ಕಳೆದ ಮೇಲೆ ಅದನ್ನೇ ಅಕ್ಕಪಕ್ಕದವರಿಗೆ ಹೇಳಿಕೊಂಡು ನಗುತ್ತೇವೆ.

ನಮ್ಮದು ಚಿಕ್ಕಜಾಜೂರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ. ಯಜಮಾನರದ್ದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ತೋಟದವರ ಬೋರ್‌ವೆಲ್ ಮೋಟಾರುಗಳು ಸುಟ್ಟರೆ ನಮ್ಮ ಮನೆಯ ಒಲೆ ಚೆನ್ನಾಗಿ ಉರಿಯುತ್ತದೆ. ಎಲ್ಲರ ಮೋಟಾರೂ ಸರಿಯಾಗಿದ್ದರೆ ನಾವು ಕೈ ಬಿಗಿ ಹಿಡಿಯುತ್ತೇವೆ. ನಾನು ಬಿ.ಎ. ಓದಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು.

ಮಗಳು ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ, ಶಾಲೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುವುದಷ್ಟೇ. ವ್ಯಾನಿನಲ್ಲಿ ಕಳಿಸುತ್ತಿದ್ದ ಖಾಸಗಿ ಶಾಲೆಯಲ್ಲೂ ಹೀಗೇ, ಅದನ್ನು ಬಿಡಿಸಿ ಸೇರಿಸಿದ ಊರಿನ ಶಾಲೆಯಲ್ಲೂ ಹೀಗೇ. ಹೊಸಬರ ಮುಂದೆ ನಿಲ್ಲಿಸಿದರೆ ಕೈ ಬೆವರಿ ಜ್ವರ ಬರುತ್ತಿತ್ತು. ಡಾಕ್ಟರು ನೋಡಿ, "ಗಂಟಲಿಗೆ ಏನೂ ಆಗಿಲ್ಲ, ಭಯ. ಒತ್ತಾಯ ಮಾಡಬ್ಯಾಡ್ರಿ, ನಿಧಾನಕ್ಕೆ ಬಿಡಿಸ್ರಿ" ಅಂದರು. ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ, "ಇನ್ನು ಒಂದು ವರ್ಷ ಇವಳನ್ನು ಮನೆಯಲ್ಲಿ ನಾನೇ ಓದಿಸುತ್ತೇನೆ" ಅಂದುಬಿಟ್ಟೆ. ಅದನ್ನು ಕೇಳಿದ, ಒಂದನೇ ಕ್ಲಾಸು ಮುಗಿಸಿದ್ದ ನಮ್ಮ ಚಿಕ್ಕವನು, ಅಕ್ಕ ಮನೆಯಲ್ಲಿದ್ದರೆ ತಾನೂ ಮನೆಯಲ್ಲೇ ಎಂದು ಬಾಗಿಲಿಗೆ ಅಡ್ಡ ಮಲಗಿದ. ಹೀಗೆ ನಮ್ಮ ಶಾಲೆಗೆ ಒಂದೇ ದಿನದಲ್ಲಿ ಮಕ್ಕಳ ಸಂಖ್ಯೆ ದುಪ್ಪಟ್ಟಾಯಿತು.

ಅತ್ತೆ ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು. "ನೋಡು, ಬರೋ ವರ್ಷ ಜೂನಿಗೆ ಇವ್ಳು ಗುರ್ತಿಲ್ದಿರೋ ಮೇಷ್ಟ್ರ ಮುಂದೆ ಬಾಯಿ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ಸೀದಾ ಹೊಸದುರ್ಗಕ್ಕೆ ಕಳಿಸ್ತೀನಿ."

ಹೊಸದುರ್ಗದಲ್ಲಿರುವುದು ನಮ್ಮ ನಾದಿನಿ. ಮನೆಯಲ್ಲೇ ಟ್ಯೂಷನ್ ಮಾಡುತ್ತಾಳೆ. ಅಲ್ಲಿ ಮಕ್ಕಳಿಗಿಂತ ಬೆತ್ತವೇ ಹೆಚ್ಚು ಮಾತಾಡುತ್ತದೆ. ಅವಳ ಕೈಗೆ ಸಿಕ್ಕರೆ ಮನೆಯಲ್ಲಿ ಉಳಿದಿರುವ ಮಾತೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಮಗಳು ಹೊಸದುರ್ಗಕ್ಕೆ ಹೋಗುವುದೇನಿದ್ದರೂ ಹಬ್ಬದ ಊಟಕ್ಕೆ ಮಾತ್ರ ಅಂತ ಆವತ್ತೇ ಸೆರಗಿಗೆ ಗಂಟು ಹಾಕಿಕೊಂಡೆ.

ಗಂಟೆ

ಶಾಲೆ ಅಂದಮೇಲೆ ಗಂಟೆ ಬೇಕಲ್ಲ. ಗೋಡೆಯ ಮೇಲೆ ಗಡಿಯಾರ ಇತ್ತು, ಅದರ ಸೆಲ್ಲು ಮಾತ್ರ ಅತ್ತೆಯ ಟೀವಿ ರಿಮೋಟಿನಲ್ಲಿತ್ತು. ಧಾರಾವಾಹಿ ಮುಗಿದ ಮೇಲೆ ತೆಗೆದು ಗಡಿಯಾರಕ್ಕೆ ಹಾಕುತ್ತಿದ್ದೆವು. ಹಾಗಾಗಿ ನಮ್ಮ ಗಡಿಯಾರ ಯಾವಾಗಲೂ ಒಂದು ಧಾರಾವಾಹಿಯಷ್ಟು ಹಿಂದೆ ಇರುತ್ತಿತ್ತು. ಮೊಬೈಲು ಹೊರಗೆ ತೆಗೆದರೆ ಮಕ್ಕಳ ಕಣ್ಣು ಪುಸ್ತಕಕ್ಕೆ ವಾಪಸು ಬರುವುದಿಲ್ಲ.

ಪುಕ್ಕಟೆ ಸಿಗುವುದು ರೈಲು. ಬೆಳಗಿನ ಒಂದು ರೈಲು ಕೂಗಿದರೆ ಲೆಕ್ಕ ಮುಗಿಯಿತು, ಮುಂದಿನದು ಕೂಗಿದರೆ ಕನ್ನಡ ಮುಗಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಪ್ಯಾಸೆಂಜರ್ ಆಗಲಿ ಗೂಡ್ಸ್ ಆಗಲಿ ಯಾವ ರೈಲೂ ಇರಲಿಲ್ಲ. ಆದ್ದರಿಂದ ಊಟದ ಬಿಡುವನ್ನು ಮಗ ಸಂಜೆಯವರೆಗೂ ಎಳೆಯಲು ನೋಡುತ್ತಿದ್ದ.

ಇದರ ಜೊತೆ ನಾನೇ ಒಂದು ನಿಯಮ ಮಾಡಿದೆ. ರೈಲು ಕೂಗಿದ ಕೂಡಲೇ ಎದ್ದು ನಿಂತು, ಕೈ ಮುಗಿದು, "ಮಿಸ್, ಈ ಪೀರಿಯಡ್ಡಿನಲ್ಲಿ ನಾನು ಕಲಿತದ್ದು" ಅಂತ ಶುರು ಮಾಡಿ, ರೈಲಿನ ಸದ್ದಿಗಿಂತ ಜೋರಾಗಿ ಹೇಳಬೇಕು. ಇದು ಮಗಳಿಗಾಗಿಯೇ ಮಾಡಿದ್ದು. ಪಕ್ಕದ ಮನೆಯವರು ಬಂದು ಕೂತಿದ್ದರೂ ಅವಳ ದನಿ ಅಡಗಿಬಿಡುತ್ತಿತ್ತು. ರೈಲಿನ ಗದ್ದಲದಲ್ಲಿ ಮಾತ್ರ ತನ್ನ ಮಾತು ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ರೈಲು ಹೋಯಿತೋ, ತುಟಿ ಮುಚ್ಚಿತು.

ಒಂದು ದಿನ ಲೆಕ್ಕದ ಪೀರಿಯಡ್ಡು. ಗೂಡ್ಸ್ ಗಾಡಿಯೊಂದು ಸ್ಟೇಷನ್ನಿನಲ್ಲಿ ನಿಂತು ಅಲ್ಲಾಡುತ್ತಿಲ್ಲ. ಅದು ಹೋಗದೆ ಹಿಂದಿನ ರೈಲು ಬರುವಂತಿಲ್ಲ, ರೈಲು ಬರದೆ ನಾನು ಲೆಕ್ಕ ಬಿಡುವುದಿಲ್ಲ. ಚಿಕ್ಕವನು ಒಂದಕ್ಕೆ ಹೋಗಬೇಕು ಅಂದ. ಕಳಿಸಿದೆ. ಎಷ್ಟು ಹೊತ್ತಾದರೂ ಬರಲಿಲ್ಲ.

ಸಂಜೆ ಸ್ಟೇಷನ್ ಮಾಸ್ಟರು ಫ್ಯಾನ್ ರಿಪೇರಿಗೆ ಕೊಡಲು ಬಂದವರು ಹೇಳಿದರು. "ನಿಮ್ಮ ಹುಡ್ಗ ನಮ್ಮ ರೂಮಿಗೆ ಬಂದು ಕೈ ಮುಗ್ದ ಕಣಮ್ಮ. 'ಸಾರ್, ಆ ಗೂಡ್ಸ್ ಬೇಗ ಬಿಡ್ರಿ, ಮನೇಲಿ ಭಾಗಾಕಾರ ನಿಂತೈತೆ' ಅಂದ. ನಾನೂ ಇಷ್ಟು ವರ್ಷ ಸರ್ವೀಸ್ ಮಾಡಿದೀನಿ, ಗೂಡ್ಸ್ ಗಾಡಿ ಲೇಟಾಯ್ತು ಅಂತ ಕೈ ಮುಗ್ದೋರನ್ನ ಇವತ್ತೇ ನೋಡಿದ್ದು!"

ಕರಿಹಲಗೆ

ಕರಿಹಲಗೆ ಕೊಳ್ಳುವ ಮಾತೇ ಇರಲಿಲ್ಲ. ಯಜಮಾನರು ಅಂಗಡಿಯಲ್ಲಿ ಉಳಿದ ಕರಿ ಬಣ್ಣ ತಂದು ಹಿತ್ತಿಲ ಬಾಗಿಲಿನ ಒಳಮೈಗೆ ಬಳಿದುಕೊಟ್ಟರು. ಆ ಬಾಗಿಲು ಓಣಿಯ ಕಡೆಗೆ ತೆರೆದುಕೊಳ್ಳುತ್ತದೆ. ಒಳಗೆ ಬೆಳಕು ಸಾಲದ್ದಕ್ಕೆ ಬಾಗಿಲನ್ನು ಪೂರ್ತಿ ತೆಗೆದು, ಹೊರಗೋಡೆಗೆ ಆನಿಸಿ, ಮಕ್ಕಳನ್ನು ಹೊಸ್ತಿಲ ಕೆಳಗೆ ಕೂರಿಸಿ ಪಾಠ ಮಾಡುತ್ತಿದ್ದೆ. ಹೀಗಾಗಿ ನಮ್ಮ ಪಾಠ ಇಡೀ ಓಣಿಗೆ ಬಿತ್ತರವಾಗುತ್ತಿತ್ತು. ನೀರು ತರಲು ಹೋಗುವವರು ನಿಂತು ನೋಡುತ್ತಿದ್ದರು. ಒಮ್ಮೆ ಕಿರಾಣಿ ಅಂಗಡಿಯಲ್ಲಿ ಎದುರುಮನೆಯಾಕೆ ನನ್ನ ತಡೆದು ನಿಲ್ಲಿಸಿ, "ನಿನ್ನೆ ಲೆಕ್ಕದಾಗೆ ಆ ತೊಟ್ಟಿಗೆ ಎರಡು ನಲ್ಲಿ ಬಿಟ್ಟು ಹಂಗೇ ಎದ್ದು ಹೋದ್ರಲ್ರಿ, ತುಂಬ್ತೋ ಇಲ್ವೋ ಹೇಳ್ರಿ, ನಂಗೆ ರಾತ್ರಿ ಎಲ್ಲಾ ಅದೇ ಚಿಂತೆ" ಅಂದಳು.

ಅದೇ ಓಣಿಯಲ್ಲಿ ದಿನಾ ಒಬ್ಬ ಅಜ್ಜನ ಕುರಿ ಹಿಂಡು ಮೇವಿಗೆ ಹೋಗುತ್ತಿತ್ತು. ತಿಂಗಳ ಪರೀಕ್ಷೆಯ ದಿನ ನಾನು ಬೆಳಗ್ಗೆಯೇ ಬಾಗಿಲ ತುಂಬ ಪ್ರಶ್ನೆ ಬರೆದು, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ಉಪ್ಪಿನ ಡಬ್ಬಿ ಜಾಗದಲ್ಲಿ ಇರಲಿಲ್ಲ. ಹುಡುಕುತ್ತಿರುವಾಗ ಹೊರಗೆ ಅಜ್ಜನ ಕೂಗು. "ಏ ಹೊಯ್, ಹೊಯ್! ಬರ್ರಿ ಅಮ್ಮಾ, ನಮ್ಮ ಕುರಿ ನಿಮ್ಮ ಬಾಗ್ಲು ಬಿಡವಲ್ವು!"

ಓಡಿ ಬಂದು ನೋಡಿದರೆ ಐದಾರು ಕುರಿಗಳು ಮುಂಗಾಲೆತ್ತಿ ಬಾಗಿಲು ನೆಕ್ಕುತ್ತಿವೆ. ಬಾಗಿಲ ಮೇಲೆ ಒಂದು ಅಕ್ಷರ ಉಳಿದಿಲ್ಲ. ಚಿಕ್ಕವನು ಕೈಯಲ್ಲಿ ಉಪ್ಪುನೀರಿನ ಲೋಟ ಹಿಡಿದು, ಆಕಾಶ ನೋಡುತ್ತ ನಿಂತಿದ್ದಾನೆ.

ನಾನು ಬಿಡುವವಳೇ? ಅದೇ ಪ್ರಶ್ನೆಗಳನ್ನು ಮತ್ತೆ ಬರೆದೆ, ಮೇಲೆ ಇನ್ನೊಂದು ಸೇರಿಸಿದೆ: "ಕುರಿಗಳಿಗೆ ಉಪ್ಪು ಯಾಕೆ ಇಷ್ಟ?" ಚಿಕ್ಕವನು ಬೇರೆ ಎಲ್ಲಾ ತಪ್ಪು ಬರೆದ, ಅದೊಂದಕ್ಕೆ ಮಾತ್ರ ಪುಟದ ತುಂಬ ಉತ್ತರ ಬರೆದಿದ್ದ. ಅಜ್ಜನನ್ನೇ ಕೇಳಿ ತಿಳಿದುಕೊಂಡು ಆಮೇಲೆ ಡಬ್ಬಿಗೆ ಕೈ ಹಾಕಿದ್ದನಂತೆ.

ಶಾಲೆ ಬಿಟ್ಟವರು

ಒಮ್ಮೆ ನಾನು ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದಾಗ ಶಾಲೆ ಬಿಟ್ಟ ಮಕ್ಕಳ ಲೆಕ್ಕ ಮಾಡಲು ಒಬ್ಬ ಮೇಷ್ಟ್ರು ಮನೆಗೆ ಬಂದರು. "ಯಾಕಪ್ಪಾ, ಶಾಲೆಗೆ ಹೋಗಿಲ್ವಾ?" ಅಂತ ಮಗನನ್ನು ಕೇಳಿದರು.

"ಇದೇ ಶಾಲೆ ಸಾರ್. ಹೆಡ್‌ಮಿಸ್ ರಾಗಿ ಬೀಸ್ಸಾಕೆ ಹೋಗಿದಾರೆ. ಕುಂತ್ಕಳ್ರಿ, ಬಿಸಿಯೂಟಕ್ಕೆ ಬರ್ತಾರೆ."

ಮೇಷ್ಟ್ರು ತಲೆ ಕೆರೆದುಕೊಂಡು ಅತ್ತೆಯ ಕಡೆ ತಿರುಗಿದರು. "ಅಜ್ಜೀ, ಮನೇಲಿ ಶಾಲೆ ಬಿಟ್ಟೋರು ಯಾರಾದ್ರೂ ಅದಾರಾ?"

"ಅದೀನಲ್ಲಪ್ಪ, ನಾನೇ. ಮೂರನೇ ಕ್ಲಾಸಿಗೆ ಬಿಟ್ಟೆ. ಬರ್ಕಳ್ರಿ."

ಮೇಷ್ಟ್ರು ನಗುತ್ತಾ, "ಹಂಗಾರೆ ನಾಳೆಯಿಂದ ಶಾಲೆಗೆ ಹೋಗ್ಬೇಕು ನೋಡಜ್ಜಿ, ಸರ್ಕಾರದ ಆರ್ಡ್ರು" ಅಂದರು. ನಾನು ಬಂದು ವಿಷಯ ಎಲ್ಲ ಹೇಳಿದ ಮೇಲೆ ಅವರು ಒಳ್ಳೆಯ ದಾರಿಯನ್ನೇ ತೋರಿಸಿದರು. "ಜೂನಲ್ಲಿ ಹೊಳಲ್ಕೆರೆಗೆ ಕರ್ಕಂಡು ಬರ್ರಿ, ನಮ್ಮ ಶಾಲೇಲೇ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕಂತಾರೆ. ಹೆಡ್‌ಮಾಸ್ಟ್ರು ಒಂದೆರಡು ಪ್ರಶ್ನೆ ಕೇಳ್ತಾರೆ, ಅಷ್ಟೆ." ಅವರಿಗದು ಅಷ್ಟೆ. ನನಗೆ ಆ ಒಂದೆರಡು ಪ್ರಶ್ನೆಯೇ ಬೆಟ್ಟದಷ್ಟಾಯಿತು.

ಮಾರನೆಯ ದಿನ ಪಾಠಕ್ಕೆ ಕೂತರೆ ಮಕ್ಕಳ ಪಕ್ಕದಲ್ಲಿ ಅತ್ತೆ, ತಲೆ ಬಾಚಿಕೊಂಡು, ಸ್ಲೇಟು ಹಿಡಿದು ಕೂತಿದ್ದಾರೆ.

"ಏನತ್ತೆ ಇದು?"

"ಆವಯ್ಯ ಹೆಸರು ಬರ್ಕಂಡು ಹೋದ್ನಲ್ಲ. ನಾಳೆ ಬಂದು ಕೇಳಿದ್ರೆ?"

ಅವತ್ತಿನಿಂದ ನಮ್ಮ ಶಾಲೆಗೆ ಮೂರನೇ ವಿದ್ಯಾರ್ಥಿ. ಮೊಮ್ಮಗಳ ಸ್ಲೇಟು ನೋಡಿ ಬರೆಯುತ್ತಿದ್ದರು. ನೋಡಬಾರದು ಅಂದರೆ, "ನನ್ನ ಮೊಮ್ಮಗಳದ್ದು ನಂದಲ್ವೇನು?" ಅನ್ನುತ್ತಿದ್ದರು. ರೈಲು ಕೂಗಿದರೆ ಅವರೂ ಮಂಡಿ ಹಿಡಿದುಕೊಂಡು ಎದ್ದು, ಕೈ ಮುಗಿದು, ಕಲಿತದ್ದನ್ನು ಕೂಗುತ್ತಿದ್ದರು. ಇನ್ನಾದರೂ ಹೊಸದುರ್ಗದ ಮಾತು ಬಿಡುತ್ತಾರೇನೋ ಎಂದು ಮೆಲ್ಲಗೆ ಕೇಳಿದೆ. "ಅದು ಬ್ಯಾರೆ, ಇದು ಬ್ಯಾರೆ" ಅಂದರು.

ಆದರೂ ಶಿಷ್ಯೆ ಅಲ್ಲವೇ, ನನ್ನ ಮೇಲೆ ಸ್ವಲ್ಪ ಗೌರವ ಬಂದಿರಬಹುದು ಅಂದುಕೊಂಡಿದ್ದೆ. ಸಂಜೆ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ನಮ್ಮ ಮಿಸ್ಸು ಪಾಠ ಬಲು ಚೆನ್ನಾಗಿ ಮಾಡ್ತಾಳೆ ಕಣೇ. ಬಿಸಿಯೂಟ ಮಾತ್ರ ಬಾಯಿಗೆ ಇಡಕ್ಕಾಗಲ್ಲ."

ಹಿರಿಯೂರಿನ ಬಸ್ಸು

ಬೇಸಿಗೆ ಹತ್ತಿರ ಬಂತು. ಜೂನ್ ಕಣ್ಣೆದುರಿಗೇ ಕುಣಿಯುತ್ತಿತ್ತು. ಮಗಳು ಇನ್ನೂ ಹೊಸಬರ ಹತ್ತಿರ ಒಂದು ಮಾತಾಡಿರಲಿಲ್ಲ. ನನ್ನ ತವರು ಚಿತ್ರದುರ್ಗದ ಪಕ್ಕದ ಮದಕರಿಪುರ. ಅಲ್ಲಿಗೆ ಹೋಗಿದ್ದಾಗ, ಮಕ್ಕಳಿಗೆ ಹಿರಿಯೂರಿನ ಮಾರಿಕಣಿವೆ ಡ್ಯಾಮು ತೋರಿಸಿ ಭೂಗೋಳದ ಪಾಠ ಮುಗಿಸೋಣ ಎಂದು ಹೊರಟೆ. ಹೆಂಗಸರಿಗೆ ಬಸ್ಸು ಫ್ರೀ, ಮಗನಿಗೊಂದು ಅರ್ಧ ಟಿಕೆಟ್. ಶಾಲಾ ಪ್ರವಾಸ ಇದಕ್ಕಿಂತ ಅಗ್ಗಕ್ಕೆ ಆಗುವುದಿಲ್ಲ.

ಬಸ್ಸು ಹತ್ತುವಾಗಲೇ ಮಗಳ ಕಿವಿಯಲ್ಲಿ ಹೇಳಿದೆ. "ಇವತ್ತು ಟಿಕೆಟ್ ನೀನೇ ಕೇಳ್ಬೇಕು. 'ಹಿರಿಯೂರು' ಅಂದ್ರೆ ಸಾಕು. ನಾನೂ ಬಾಯಿ ಬಿಡಲ್ಲ, ನಿನ್ನ ತಮ್ಮನೂ ಬಿಡಲ್ಲ."

ಕಂಡಕ್ಟರ್ ಬಂದರು. "ಎಲ್ಲಿಗ್ರೀ?" ಮಗಳು ಅವರನ್ನೇ ನೋಡಿದಳು. ಕಂಡಕ್ಟರ್ ನನ್ನನ್ನು ನೋಡಿದರು. ನಾನು ಮಗಳನ್ನು ನೋಡಿದೆ. ಮಗ ಕಿಟಕಿಯ ಹೊರಗೆ ನೋಡಿದ. "ಎಲ್ಲಿಗ್ರಮ್ಮಾ?" ಮತ್ತೆ ಅದೇ. ಸ್ವಲ್ಪ ಹೊತ್ತು ನಿಂತು ಯೋಚಿಸಿದ ಅವರ ಮುಖ ಇದ್ದಕ್ಕಿದ್ದಂತೆ ಕರಗಿಹೋಯಿತು. ಮಷಿನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಸನ್ನೆ ಮಾಡತೊಡಗಿದರು. ಬಸ್ಸಿನ ಮುಂದಿದ್ದ ಬೋರ್ಡಿನ ಕಡೆ ತೋರಿಸಿ, ಹುಬ್ಬು ಹಾರಿಸಿ, ಅಲ್ಲಿಗಾ ಅಂತ ಕೇಳಿದರು. ಮಗಳು ತಲೆಯಾಡಿಸಿದಳು. ಟಿಕೆಟ್ ಬಂತು.

ಹಟಕ್ಕೆ ಬಿದ್ದ ನಾನು ಆಗಲೂ ತುಟಿ ಬಿಚ್ಚಲಿಲ್ಲ. ಅವಳು ಬಾಯಿ ಬಿಡುವವರೆಗೂ ನಾನೂ ಬಿಡಬಾರದು ಅಂತ. ಅಷ್ಟರಲ್ಲಿ ಕಂಡಕ್ಟರ್ ಡ್ರೈವರಿಗೆ ಪಿಸುಗುಟ್ಟಿದರು, ಮುಂದಿನ ಸೀಟಿನವರು ಹಿಂದಿನವರಿಗೆ. "ಪಾಪ, ಮೂರು ಜನಕ್ಕೂ ಮಾತು ಬರಲ್ವಂತೆ." ನಿಂತಿದ್ದ ನಮಗೆ ಮೂರು ಸೀಟು ಸಿಕ್ಕಿತು. ಐಮಂಗಲದಲ್ಲಿ ಬಸ್ಸು ನಿಂತಾಗ ಒಬ್ಬ ಅಜ್ಜಿ ಬೇಯಿಸಿದ ಶೇಂಗಾ ಕೊಡಿಸಿದರು. ಮಗ ಅದನ್ನು ತಿನ್ನುತ್ತಾ, ಕೈ ಸನ್ನೆಯಲ್ಲೇ ಇನ್ನೊಂದು ಪೊಟ್ಟಣ ಕೇಳಿದ. ಅದೂ ಬಂತು. ಈಗ ನಿಜ ಹೇಳುವುದಾದರೂ ಹೇಗೆ?

ಹಿರಿಯೂರಿನಲ್ಲಿ ಇಳಿಯುವಾಗ ಮಗ ಶೇಂಗಾ ಸಿಪ್ಪೆಯನ್ನು ಬಸ್ಸಿನೊಳಗೇ ಉದುರಿಸಿದ್ದು ನೋಡಿ ನನಗೆ ಎಲ್ಲ ಮರೆತುಹೋಯಿತು. "ಲೇ, ಮಾನ ಮರ್ಯಾದೆ ಐತೇನೋ ನಿಂಗೆ? ಬಸ್ಸೇನು ನಿಮ್ಮಪ್ಪನ ಅಂಗಡಿಯಾ? ಹೆಕ್ಕೋ ಎಲ್ಲಾನೂ!" ಅಂತ ಚಿತ್ರದುರ್ಗಕ್ಕೆ ಕೇಳುವಂತೆ ಬೈದೆ.

ಶೇಂಗಾ ಕೊಡಿಸಿದ ಅಜ್ಜಿ ಎರಡೂ ಕೈ ಮೇಲೆತ್ತಿ, "ಯಪ್ಪಾ ದೇವ್ರೇ, ಆಯಮ್ಮಂಗೆ ಮಾತು ಬಂತು!" ಅಂದರು. ಕಂಡಕ್ಟರ್ ನಮ್ಮನ್ನೇ ನೋಡುತ್ತಾ, "ಬಂತಲ್ಲಜ್ಜಿ, ಬಾಕಿ ಸಮೇತ ಬಂತು" ಅಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಪಕ್ಕದಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು, ಬಸ್ಸಿನ ಅಷ್ಟೂ ಜನರ ಮುಂದೆ, ಗಹಗಹಿಸಿ ನಗುತ್ತಿದ್ದಳು. ಹೊಸಬರ ಮುಂದೆ ಅವಳ ದನಿ ಹೊರಟಿದ್ದು ಅದೇ ಮೊದಲು. ನಗು ಬಂದಮೇಲೆ ಮಾತು ಎಲ್ಲಿಗೆ ಹೋದೀತು, ಜೂನಿನಲ್ಲಿ ನೋಡೇಬಿಡಾಣ ಅಂದುಕೊಂಡೆ.

ಹೊಳಲ್ಕೆರೆಗೆ ಬಂದ ರೈಲು

ಜೂನ್ ಬಂತು. ಹೊಳಲ್ಕೆರೆಗೆ ಹೊರಟರೆ ಅತ್ತೆಯೂ ಸೀರೆ ಉಟ್ಟು ನಿಂತಿದ್ದರು. "ನಡೀರಿ ಹೋಗಾಣ. ಬಾಯಿ ಬಿಟ್ಲೋ ಇಲ್ವೋ ನಾನೇ ಕಣ್ಣಾರೆ ನೋಡ್ಬೇಕು."

ಹೆಡ್‌ಮಾಸ್ಟರು ಒಳ್ಳೆಯವರು. ಅತ್ತೆ ಮತ್ತು ಮಗನನ್ನು ವರಾಂಡದಲ್ಲಿ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದರು. ಮಗಳಿಗೆ ಕುರ್ಚಿ ಹಾಕಿಸಿ, "ಹೆಸರೇನಮ್ಮ?" ಅಂದರು. ಉತ್ತರವಿಲ್ಲ. "ಯಾವೂರು?" ಉತ್ತರವಿಲ್ಲ. ನಾನು ಬಾಯಿ ತೆಗೆದೆ. "ನೀವಲ್ರಮ್ಮ, ಅವಳು ಹೇಳ್ಲಿ." ಮಗಳ ಕೈ ಬೆವರುತ್ತಿತ್ತು, ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಒಂದು ವರ್ಷದ ಪಾಠವೆಲ್ಲ ಆ ತುಟಿಯ ಹಿಂದೆ ಇದೆ ಅಂತ ನನಗೊಬ್ಬಳಿಗೆ ಗೊತ್ತು. ಹೊಳಲ್ಕೆರೆ ಪೇಟೆಯಲ್ಲಿ ರೈಲಿನ ಸದ್ದೂ ಇಲ್ಲ. ನನ್ನ ಕಣ್ಣು ತುಂಬಿಬಂತು. ಬೆತ್ತ ಹಿಡಿದ ನಾದಿನಿ ಕಣ್ಣ ಮುಂದೆ ಬಂದಳು.

ಅಷ್ಟರಲ್ಲಿ ಕಿಟಕಿಯ ಆಚೆಯಿಂದ, "ಕೂ......ಊ!"

ಹೆಡ್‌ಮಾಸ್ಟರು ಬೆಚ್ಚಿ ಎದ್ದರು. ನೋಡಿದರೆ ಕಿಟಕಿಯ ಸರಳಿನ ಹಿಂದೆ ಮಗ, ಬಾಯಿಗೆ ಎರಡೂ ಕೈ ಕೊಟ್ಟುಕೊಂಡು ಕೂಗುತ್ತಿದ್ದಾನೆ. ಅವನ ಬೆನ್ನಿಗೇ ಒಂದು ಮುದಿ ದನಿ, "ಗಡಗಡ ಗಡಗಡ, ಗಡಗಡ ಗಡಗಡ." ನಮ್ಮತ್ತೆ! ಹೊಸದುರ್ಗಕ್ಕೆ ಕಳಿಸುತ್ತೇನೆ ಅಂದಿದ್ದ ಅದೇ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋಗಿಗಳನ್ನು ಎಳೆಯುತ್ತಿದ್ದಾರೆ.

ಮಗಳು ತಟಕ್ಕನೆ ಎದ್ದು ನಿಂತಳು. ಕೈ ಮುಗಿದಳು. "ಮಿಸ್, ಈ ಪೀರಿಯಡ್ಡಿನಲ್ಲಿ ನಾನು ಕಲಿತದ್ದು!" ಎಂದು ಮೇಜಿನ ಗಾಜು ಅದುರುವಂತೆ ಕೂಗಿದಳು. ಕೂಗಿದ ಮೇಲೆ ಸುತ್ತ ನೋಡಿದಳು. ಪಾಠವೇ ಆಗಿಲ್ಲ, ಕಲಿತದ್ದೇನು ಹೇಳುವುದು? ಹೆಡ್‌ಮಾಸ್ಟರು ಮೆಲ್ಲಗೆ ಕೂತು, "ಹೇಳಮ್ಮ, ಏನು ಕಲಿತೆ?" ಅಂದರು.

ಆಚೆ ಮಗನಿಗೆ ಉಸಿರು ಸಾಲದೆ ರೈಲು ಕೆಮ್ಮತೊಡಗಿತ್ತು. ಅದನ್ನು ಕೇಳಿ ಮಗಳಿಗೆ ತಡೆದುಕೊಳ್ಳಲಾಗಲಿಲ್ಲ. "ಸಾರ್, ಅದು ರೈಲಲ್ಲ, ನನ್ನ ತಮ್ಮ. ಅವನಿಗೆ ಕೂಗಾಕೇ ಬರಲ್ಲ. ನಮ್ಮ ಸ್ಟೇಷನ್ನಿಗೆ ಬರೋ ರೈಲು ಹಿಂಗೆ ಕೂಗ್ತೈತೆ ನೋಡ್ರಿ" ಎಂದವಳೇ, ಹೆಡ್‌ಮಾಸ್ಟರ ಕೋಣೆಯಲ್ಲಿ ನಿಂತು ಕೂಗಿಯೇಬಿಟ್ಟಳು. ಪಕ್ಕದ ಕ್ಲಾಸಿನ ಮಕ್ಕಳು ಬೆಂಚು ಬಿಟ್ಟೆದ್ದವು.

ಆಮೇಲೆ ಹೆಡ್‌ಮಾಸ್ಟರು ಕೊಟ್ಟ ಪುಸ್ತಕ ಓದಿದಳು, ಸಾಕು ಅಂದರೂ ನಿಲ್ಲಿಸಲಿಲ್ಲ. ಭಾಗಾಕಾರ ಮಾಡಿದಳು. ಮಾರಿಕಣಿವೆ ಯಾವ ನದಿಗೆ ಅಡ್ಡ ಇದೆ ಅಂತ ಕೇಳದಿದ್ದರೂ ಹೇಳಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ನಗುತ್ತಿದ್ದೆ, ಎರಡೂ ಒಟ್ಟಿಗೇ.

ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿದರು. ಅತ್ತೆ ಇನ್ನೂ ಗಡಗಡ ಅನ್ನುತ್ತಲೇ ಇದ್ದರು. "ಮಗಳನ್ನ ಆರಕ್ಕೆ, ಮಗನ್ನ ಮೂರಕ್ಕೆ ಸೇರಿಸ್ಕಂತೀನಿ ಕಣಮ್ಮ. ಆ ಅಜ್ಜಿ ಯಾವ ಕ್ಲಾಸಿಗೆ?"

ದೂರು

ಶಾಲೆ ಸೇರಿ ಸ್ವಲ್ಪ ದಿನಕ್ಕೆ ಮಗಳ ಕ್ಲಾಸ್ ಮೇಷ್ಟ್ರು ಹೇಳಿಕಳಿಸಿದರು, ತಾಯಿ ಬಂದು ಕಾಣಬೇಕಂತೆ. ಮತ್ತೆ ಬಾಯಿ ಮುಚ್ಚಿಕೊಂಡಳೇ? ಹೊಳಲ್ಕೆರೆಯವರೆಗೆ ಬಸ್ಸಿನಲ್ಲಿ ಇದೊಂದೇ ಯೋಚನೆ. ಮುಚ್ಚಿಕೊಂಡಿದ್ದರೆ ಮತ್ತೆ ಬಾಗಿಲಿಗೆ ಕರಿ ಬಣ್ಣ ಬಳಿಸುತ್ತೇನೆ, ಮತ್ತೆ ಶುರು ಮಾಡುತ್ತೇನೆ, ಹೊಸದುರ್ಗಕ್ಕಂತೂ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಶಾಲೆಯೊಳಗೆ ಕಾಲಿಟ್ಟೆ. ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು.

ಮೇಷ್ಟ್ರು ಸಂಕೋಚದಿಂದ ಶುರು ಮಾಡಿದರು. "ಹೇಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ್ರಿ. ನಿಮ್ಮ ಮಗಳು ಬಾಯೇ ಮುಚ್ಚಲ್ಲ. ಪಾಠದಾಗೂ ಮಾತು, ಪ್ರಾರ್ಥನೇಲೂ ಮಾತು. ನಾನು ಒಂದು ಹೇಳಿದ್ರೆ ಅವ್ಳು ಹತ್ತು ಹೇಳ್ತಾಳೆ. ನೀವೇ ಒಂಚೂರು ಬುದ್ಧಿ ಹೇಳ್ಬೇಕು."

ನನ್ನ ಕಣ್ಣಲ್ಲಿ ಬಳಬಳ ನೀರು ಸುರಿಯಿತು. ಮೇಷ್ಟ್ರು ಗಾಬರಿಯಾದರು. "ಅಯ್ಯೋ, ಅಳಬ್ಯಾಡ್ರಮ್ಮ, ಅಂಥ ದೊಡ್ಡ ತಪ್ಪೇನಲ್ಲ!"

ನಾನು ಮೊಬೈಲ್ ತೆಗೆದು ಮನೆಗೆ ಹಚ್ಚಿದೆ. ಅತ್ತೆ ಎತ್ತಿದರು. ಸ್ಪೀಕರ್ ಹಾಕಿ ಮೇಷ್ಟ್ರ ಮುಂದೆ ಹಿಡಿದೆ. "ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಈಗ ಹೇಳಿದ್ರಲ್ಲ, ಅದನ್ನ ಇದ್ರಾಗೆ ಒಂದ್ಸಲ ಹೇಳ್ರಿ."

ಮೇಷ್ಟ್ರು ಏನೂ ಅರ್ಥವಾಗದೆ, ಮೊಬೈಲಿಗೆ ಬಾಯಿಟ್ಟು, "ಅಜ್ಜೀ, ನಿಮ್ಮ ಮೊಮ್ಮಗಳು ಬಾಯಿ ಮುಚ್ಚಲ್ಲ" ಅಂದರು.

"ಏನಂದ್ರಿ? ಕೇಳ್ಸವಲ್ದು. ಇಲ್ಲಿ ರೈಲು ಹೊಂಟೈತೆ, ಜೋರಾಗಿ ಹೇಳ್ರಿ!"

"ನಿಮ್ಮ ಮೊಮ್ಮಗಳು ಬಾಯಿ ಮುಚ್ಚಲ್ಲ!"

"ಹಾಂ? ರೈಲು ಉದ್ದ ಐತೆ ಮೇಷ್ಟ್ರೇ, ಇನ್ನೊಂದ್ಸಲ!"

ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತು, ಕತ್ತಿನ ನರ ಉಬ್ಬಿಸಿ ಕೂಗಿದರು. "ನಿಮ್ಮ ಮೊಮ್ಮಗಳು ಬಾಯಿ ಮುಚ್ಚಲ್ಲಾ!" ಊಟ ಮಾಡುತ್ತಿದ್ದ ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಆ ಕಡೆಯಿಂದ ಅತ್ತೆ, "ಹ್ಞಾಂ, ಈಗ ಕೇಳ್ಸಿತು. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಫೋನಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ನನಗೆ ಹೊಳೆಯಿತು. ಫೋನು ಮಾಡಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಆ ಹೊತ್ತಿಗೆ ನಮ್ಮೂರಿನಲ್ಲಿ ಯಾವ ರೈಲೂ ಇಲ್ಲ.